ಮಡಿ ಕೆಡದಂತೆ ಹಂದಿ ಸಾಕಿದವರು

ಕಳೆದ ತಿಂಗಳು ಅವರ ಶ್ರದ್ಧಾಂಜಲಿ ಸಭೆ ಆಯಿತು. ಹಿಮಾಯತ್‌ನಗರದ ಒಂದು ಸಣ್ಣ ಸಭಾಂಗಣ, ಫೋಟೋಗೆ ಮಲ್ಲಿಗೆ ಹಾರ, ಪಕ್ಕದಲ್ಲಿ ಊದುಬತ್ತಿ. ಹೈದರಾಬಾದಿನ ಹಳೆಯ ಕನ್ನಡ ಮನೆತನಗಳವರೆಲ್ಲ ಬಂದಿದ್ದರು. ಒಬ್ಬರಾದ ಮೇಲೆ ಒಬ್ಬರು ಎದ್ದು, ಒಂದು ಇರುವೆಗೂ ನೋವು ಮಾಡಿದವರಲ್ಲ ಎಂದರು. ನಾನು ಹಿಂದಿನ ಸಾಲಿನಲ್ಲಿ ಕುಳಿತು ಪ್ರಸಾದದ ಪೊಟ್ಟಣ ಹಿಸುಕುತ್ತಿದ್ದೆ. ಸಭೆ ಮುಗಿದ ಮೇಲೆ ಕನ್ನಡ ಸಂಘದ ಕಾರ್ಯದರ್ಶಿಗಳು ನನ್ನನ್ನು ಹುಡುಕಿಕೊಂಡು ಬಂದರು. "ನೀವು ಅವರ ಮನಿ ಮಗಳಂಗ ಇದ್ರಿ. ಸ್ಮರಣ ಸಂಚಿಕಿಗೆ ಎರಡು ಪುಟ ಬರದು ಕೊಡ್ರಿ. ಛಂದಾಗಿ ಇರ್ಲಿ" ಎಂದರು.

ಬರೆದಿದ್ದೇನೆ. ಚಂದ ಇಲ್ಲ. ಅವರು ಇದನ್ನು ಅಚ್ಚು ಹಾಕುವುದಿಲ್ಲವೆಂದು ಗೊತ್ತಿದ್ದೂ ಬರೆದಿದ್ದೇನೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಸರಿ, ಬದುಕಿರುವವರ ಗತಿ ಏನು ಎಂದು ಆ ಗಾದೆ ಮಾಡಿದವರನ್ನು ಕೇಳಬೇಕು. ಹೆಸರು ಮಾತ್ರ ಹಾಕುವುದಿಲ್ಲ. ಸುಮಾರು ಮೂರು ವರ್ಷ ಹಂದಿ ಸಾಕಿದ ಆ ಮನುಷ್ಯ ಒಂದು ಸಲವೂ ಹಂದಿ ಎಂಬ ಶಬ್ದವನ್ನು ಬಾಯಲ್ಲಿ ತಂದವರಲ್ಲ. ಅವರಿಗೂ ಅದೇ ಮರ್ಯಾದೆ ಇರಲಿ.

ನನ್ನದು ಮಂಗಳೂರು ಕಡೆ. ಮನೆಯ ಹಿಂದೆ ಹಂದಿಗೂಡು ಇದ್ದ ಮನೆ. ಹಂದಿಗೆ ಗಂಜಿ ಹಾಕಿ, ಬಿಸಿಲಿಗೆ ಅದರ ಬೆನ್ನಿಗೆ ನೀರು ಹೊಯ್ದು, ಹಬ್ಬಕ್ಕೆ ಅದನ್ನೇ ತಿಂದು ಬೆಳೆದವಳು. ಇಂಜಿನಿಯರಿಂಗ್ ಮುಗಿಸಿ ಹೈದರಾಬಾದಿಗೆ ಬಂದು ಉಪ್ಪಲ್‌ನ ಒಂದು ಸಣ್ಣ ಕಂಪೆನಿ ಸೇರಿದೆ. ಕೊಟ್ಟಿಗೆಗಳಿಗೆ ಕ್ಯಾಮೆರಾ, ಪ್ರಾಣಿಯ ಕಿವಿಗೆ ಚಿಪ್ ಇರುವ ಟ್ಯಾಗ್, ಯಜಮಾನನ ಮೊಬೈಲಿಗೆ ಆ್ಯಪ್, ಇದು ನಮ್ಮ ವ್ಯಾಪಾರ. ಹಸು, ಎಮ್ಮೆ, ಕೋಳಿ ಎಂದರೆ ಎಲ್ಲರೂ ಹೋಗಲು ತಯಾರು. ಹಂದಿ ಎಂದ ದಿನ ಆಫೀಸಿನಲ್ಲಿ ಒಬ್ಬೊಬ್ಬರಿಗೂ ತಲೆನೋವು ಶುರುವಾಗುತ್ತಿತ್ತು. ಹಾಗಾಗಿ ಅವರ ಫಾರಂ ನನ್ನ ಪಾಲಿಗೆ ಬಂತು.

ಮೊದಲ ದಿನ ಅವರ ಮನೆಗೆ ಹೋದಾಗ ಬಾಗಿಲಲ್ಲೇ ನಿಂತು ನನ್ನ ಹೆಸರು ಕೇಳಿದರು. ಹೇಳಿದೆ. ಮುಖ ಅರಳಿತು. "ಕ್ರಿಶ್ಚನ್ರೇನು? ಭಾಳ ಚಲೋ ಆತು ತಂಗಿ. ನಿಮ್ಮ ಮಂದಿಗೆ ಅದರ ಹೇಸಿಗಿ ಇರೂದಿಲ್ಲ. ನಮಗ ಅಂಥವರ ಬೇಕಾಗಿದ್ರು." ಹೊಗಳಿಕೆಯ ಧಾಟಿಯಲ್ಲೇ ಹೇಳಿದರು. ನಾನೂ ಹಲ್ಲು ಬಿಟ್ಟು, "ಹೌದು ಸರ್, ನಮಗೆ ಹಾಗೆಂತ ಇಲ್ಲ" ಎಂದೆ. ಅವರ ಹೆಂಡತಿ ಕಾಫಿ ತಂದರು. ಅವರಿಗೆ ಸ್ಟೀಲ್ ಲೋಟ, ನನಗೆ ಗಾಜಿನದು. ಗಾಜಿನ ಲೋಟ ಅತಿಥಿಗಳಿಗೆ ಎಂದುಕೊಂಡು ಸಂತೋಷಪಟ್ಟೆ. ಆ ಲೋಟ ಅಂಗಳದ ನಲ್ಲಿಯ ಬಳಿ ಬೇರೆಯೇ ಒಂದು ಗೂಡಿನಲ್ಲಿರುತ್ತದೆ ಎಂದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು.

ನೋಡಲು ಎಂಥ ಚೊಕ್ಕ ಮನುಷ್ಯ! ಎಪ್ಪತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು, ಸುಲ್ತಾನ್ ಬಜಾರಿನ ಒಂದೇ ಅಂಗಡಿಯಿಂದ ತಂದ ಬಿಳಿ ಧೋತರ, ಉಗುರಲ್ಲಿ ಒಂದು ಗೆರೆ ಕೊಳೆ ಇಲ್ಲ. ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಅಜ್ಜನ ಕಾಲದಲ್ಲಿ ರಾಯಚೂರು ಕಡೆಯಿಂದ ಬಂದ ಮನೆತನ. ಉರ್ದು ಆಡಿದರೆ ಹಳೇ ಊರಿನವರು ತಲೆದೂಗಬೇಕು, ತೆಲುಗು ಆಡಿದರೆ ತರಕಾರಿಯವಳು ಕೊಸರು ಹಾಕಬೇಕು. ಓಣಿಯವರಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಎರಡು ತಿಂಗಳಲ್ಲಿ ನನಗೂ ಕಾಕಾ ಆದರು.

ಅವರು ನನಗೆ ಮಾಡಿದ ಉಪಕಾರವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನೇ ಸುಳ್ಳುಗಾತಿಯಾಗುತ್ತೇನೆ. ಹಿಮಾಯತ್‌ನಗರದ ಹಳೆಯ ಓಣಿಗಳಲ್ಲಿ ನಾನು ಬಾಡಿಗೆಗೆ ಕೋಣೆ ಹುಡುಕುವಾಗ ನನ್ನ ಹೆಸರು ಕೇಳಿದ ಕೂಡಲೇ ಖಾಲಿ ಕೋಣೆಗಳು ಭರ್ತಿಯಾಗುತ್ತಿದ್ದವು. ಕಾಕಾ ಸ್ವತಃ ನನ್ನ ಜೊತೆ ನಡೆದು ಬಂದು, ಪಕ್ಕದ ಓಣಿಯ ಮಾಲಕರ ಎದುರು ನಿಂತು, "ನನ್ನ ಮಗಳಿದ್ದಂಗ. ಏನಾದ್ರೂ ಆದ್ರ ನನ್ನ ಕೇಳ್ರಿ" ಎಂದರು. ಕೋಣೆ ಸಿಕ್ಕಿತು. ಮುಂದೆ ನನಗೆ ಡೆಂಗಿ ಬಂದಾಗ ಒಂಬತ್ತು ದಿನ ಮೆತ್ತನೆಯ ಅನ್ನ, ಸಾರು ಕ್ಯಾರಿಯರಿನಲ್ಲಿ ಹಾಕಿಸಿಕೊಂಡು ಮೂರು ಮಹಡಿ ಹತ್ತಿ ಬಂದರು. ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ಕ್ಯಾರಿಯರ್ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, "ಉಂಡಿಯೇನು ತಂಗಿ? ಪೂರ್ತಿ ಉಣಬೇಕು ನೋಡು" ಎಂದು ಕೇಳುತ್ತಿದ್ದರು. ಆ ಸಾರು ಕುಡಿದು ನಾನು ಎದ್ದು ಕುಳಿತದ್ದು ನಿಜ.

ಇಂಥವರು ಹಂದಿ ಸಾಕಣೆಗೆ ಇಳಿದದ್ದು ಹೇಗೆ ಎಂದರೆ, ಉಪ್ಪಲ್ ದಾಟಿ ರಿಂಗ್ ರಸ್ತೆಯ ಆಚೆ ಅವರಿಗೆ ಜಮೀನಿತ್ತು. ಯಾವುದೋ ವಿಚಾರ ಸಂಕಿರಣಕ್ಕೆ ಹೋಗಿ ಬಿಳಿ ಹಂದಿಯ ಲಾಭದ ಲೆಕ್ಕ ಕೇಳಿ ಬಂದರು. ಬೆಳ್ಳುಳ್ಳಿ ಸೇರದ ಮನೆ, ಲೆಕ್ಕ ಮಾತ್ರ ಸೇರಿತು. ಆದರೆ ಮುಟ್ಟುವುದು ಹೇಗೆ? ಅಲ್ಲಿ ನಮ್ಮ ಕಂಪೆನಿ ಒದಗಿತು. ಹಂದಿ ಸಾಕಣೆಯಲ್ಲಿ ಡಿಜಿಟಲ್ ತಂತ್ರಜ್ಞಾನದಿಂದ ಆಗುವ ಲಾಭಗಳನ್ನು ನಾವು ಬಣ್ಣದ ಕಾಗದದಲ್ಲಿ ಸಾಲಾಗಿ ಅಚ್ಚು ಹಾಕಿಸಿದ್ದೆವು: ಯಾವುದು ಎಷ್ಟು ತಿಂದಿತು ಎಂದು ತೊಟ್ಟಿಯೇ ಟ್ಯಾಗ್ ಓದಿ ಹೇಳುತ್ತದೆ, ಮೈ ಕಾವನ್ನು ಕ್ಯಾಮೆರಾ ನೋಡುತ್ತದೆ, ಕೆಮ್ಮಿದರೆ ಮೈಕು ಕೇಳಿಸಿಕೊಳ್ಳುತ್ತದೆ. ನಾವು ಬರೆಯದ ಒಂದು ಲಾಭವನ್ನು ಕಾಕಾ ತಾವೇ ಕಂಡುಕೊಂಡರು. ಮೈಲಿಗೆ ಆಗದೆ ಹಂದಿ ಸಾಕಬಹುದು. "ನಾ ಪ್ರಾಣಿ ಸಾಕ್ಲಿಕ್ಕತ್ತಿಲ್ಲ ತಂಗಿ, ಡಾಟಾ ಸಾಕ್ಲಿಕ್ಕತ್ತೀನಿ" ಎನ್ನುತ್ತಿದ್ದರು. ಅವರ ಬಾಯಲ್ಲಿ ಹಂದಿಗಳು ಯೂನಿಟ್‌ಗಳು. ನೂರ ಹನ್ನೆರಡು ಯೂನಿಟ್. ಕಾಕು ಅಷ್ಟನ್ನೂ ಹೇಳುವವರಲ್ಲ, 'ಆ ಕಡೀ ಕೆಲಸ' ಎನ್ನುತ್ತಿದ್ದರು. ಮದುವೆ ಮನೆಯೊಂದರಲ್ಲಿ ಹಳೆಯ ಗೆಳೆಯರೊಬ್ಬರು, "ಏನ್ರೀ, ವರಾಹ ದೇವರ ಸೇವಾ ಹೆಂಗ ನಡದದ?" ಎಂದು ತಮಾಷೆ ಮಾಡಿದ್ದಕ್ಕೆ ಎಲೆಯ ಮುಂದಿನಿಂದ ಎದ್ದು ಬಂದರಂತೆ. ಆಮೇಲೆ ಅವರ ಮುಖ ನೋಡಲಿಲ್ಲ.

ಮನೆಯಲ್ಲಿ ಎರಡು ಫೋನ್ ಇದ್ದವು. ಒಂದು ಒಳಗಿನದು, ಬಂಧುಬಳಗಕ್ಕೆ ಮತ್ತು ಪ್ರವಚನ ಕೇಳಲಿಕ್ಕೆ. ಇನ್ನೊಂದು ಹೊರಗಿನ ಫೋನು, ಹಂದಿಯ ಆ್ಯಪ್ ಇರುವುದು. ಅದು ಜಗಲಿಯ ಮೇಲೆ, ಚಪ್ಪಲಿ ಗೂಡಿನ ಪಕ್ಕ, ತನ್ನದೇ ಒಂದು ಮಣೆಯ ಮೇಲೆ ಮಲಗಿರುತ್ತಿತ್ತು. ನಾನು ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ಬಂದು ಅದನ್ನು ಎತ್ತಿಕೊಂಡು, ಪಡಸಾಲೆಯ ಬಾಗಿಲಲ್ಲಿ ನಿಂತು, ಮಡಿ ಉಟ್ಟು ಪೂಜೆಗೆ ಕುಳಿತ ಅವರಿಗೆ ಮೂರು ಮಾರು ದೂರದಿಂದ ತೋರಿಸಬೇಕು. ಹಸಿರು ಎಷ್ಟು, ಹಳದಿ ಎಷ್ಟು, ಕೆಂಪು ಎಷ್ಟು ಎಂದು ಓದಬೇಕು. ಒಮ್ಮೆ ಕೇಳಿಯೇ ಬಿಟ್ಟೆ, "ಕಾಕಾ, ಫೋನಿನೊಳಗೆ ಇರುವುದು ಚಿತ್ರ ಅಲ್ವಾ? ಚಿತ್ರಕ್ಕೂ ಮೈಲಿಗೆ ಉಂಟಾ?" ಅವರು ನಕ್ಕರು. "ಕರೆಂಟಿಗೆ ಮೈಲಿಗಿ ಇಲ್ಲ ತಂಗಿ. ಮನಸ್ಸಿಗೆ ಅದ." ಆಗ ಅದು ನನಗೆ ಭಾರಿ ಜಾಣ ಮಾತಾಗಿ ಕಂಡು ಮಂಗಳೂರಿಗೆ ಫೋನ್ ಮಾಡಿ ಅಮ್ಮನಿಗೂ ಹೇಳಿದ್ದೆ.

ಫಾರಂಗೆ ಹೋಗದೆ ಇರುತ್ತಿರಲಿಲ್ಲ. ತಿಂಗಳಿಗೊಮ್ಮೆ ಕಾರಿನಲ್ಲಿ ಗೇಟಿನವರೆಗೆ ಬಂದು, ಗಾಜು ಏರಿಸಿಕೊಂಡು, ಎಸಿ ಹಾಕಿಕೊಂಡು ಕುಳಿತಿರುತ್ತಿದ್ದರು. ಒಂದು ಸಲ ಒಂದು ಹೆಣ್ಣು ಹಂದಿ ತಪ್ಪಿಸಿಕೊಂಡು ಬಂದು ಕಾರಿನ ಬಾಗಿಲಿಗೆ ಹಾಯಾಗಿ ಬೆನ್ನು ಉಜ್ಜಿತು. ಮೈ ತುರಿಸುತ್ತಿತ್ತು, ಪಾಪ, ಅದಕ್ಕೇನು ಗೊತ್ತು. ಕಾಕಾ ಒಳಗೆ ಕಣ್ಣು ಮುಚ್ಚಿ ಕುಳಿತಿದ್ದರು, ತುಟಿ ಅಲ್ಲಾಡುತ್ತಿತ್ತು. ಕಾರನ್ನು ಮೂರು ಸಲ ತೊಳೆಸಿದರು, ಗೋಮೂತ್ರ ಚಿಮುಕಿಸಿದರು, ಕೊನೆಗೆ ಮನಸ್ಸು ಒಪ್ಪದೆ ಆ ಕಾರನ್ನೇ ಮಾರಿಬಿಟ್ಟರು. ನಾವು ಆಫೀಸಿನಲ್ಲಿ ಇದನ್ನು ಹೇಳಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಒಳಗೆ ಹಂದಿಗಳ ನಡುವೆ ಇದ್ದವಳು ನರಸವ್ವ. ನಾರಾಯಣಪೇಟೆ ಕಡೆಯವಳು, ಮನೆಯಲ್ಲಿ ಕನ್ನಡ, ಹೊರಗೆ ತೆಲುಗು. ಅವಳ ಗಂಡನ ಮನೆಯವರು ಹೈದರಾಬಾದಿನ ನಾಲಾಗಳ ಬದಿಯಲ್ಲಿ ತಲೆತಲಾಂತರದಿಂದ ಕರಿ ಹಂದಿ ಮೇಯಿಸಿಕೊಂಡಿದ್ದವರು. ಊರು ಚೊಕ್ಕ ಮಾಡುತ್ತೇವೆಂದು ಲಾರಿಗಳು ಬಂದು ಹಿಂಡನ್ನೆಲ್ಲ ತುಂಬಿಕೊಂಡು ಹೋದ ಮೇಲೆ ಗಂಡ ಮೋರಿಗೆ ಇಳಿದು ಹೂಳು ಎತ್ತುವ ಕೂಲಿಗೆ ಬಿದ್ದ. ಅವರಂಥ ಇಪ್ಪತ್ತು ಮನೆಯವರು ಕಾಕಾನ ಫಾರಂನ ಆಚೆ ತಗಡಿನ ಗುಡಿಸಲು ಹಾಕಿಕೊಂಡಿದ್ದರು. ಲಾರಿಗೆ ಸಿಗದೆ ಉಳಿದ ಒಂದೋ ಎರಡೋ ಹಂದಿ ಮನೆಮನೆಯಲ್ಲೂ ಇದ್ದವು.

ಹಂದಿ ಸಾಕುವವರಲ್ಲಿ ಒಂದು ಪದ್ಧತಿ ಇದೆ. ಬೇರೆಯವರ ಹಿಂಡು ಕಾಯುವವರಿಗೆ ಕೂಲಿಯಲ್ಲದೆ ಹಿಂಡಿನಲ್ಲಿ ಪಾಲು ಕೊಡಬೇಕು. ಕಾಕಾ ಮೊದಲ ದಿನವೇ ಕಾರಿನ ಗಾಜನ್ನು ನಾಲ್ಕು ಬೆರಳು ಇಳಿಸಿ ಮಾತು ಕೊಟ್ಟಿದ್ದರು: ಮೂರು ವರ್ಷ ನಿಂತು ಮಾಡಿದರೆ ಎರಡು ಹೆಣ್ಣು ನಿನ್ನವು, ನೀನೇ ಆರಿಸಿಕೋ. ನರಸವ್ವ ಮರಿಗಳಿದ್ದಾಗಲೇ ಆರಿಸಿಟ್ಟಿದ್ದಳು. ಮೂವತ್ತೊಂದನೇ ಟ್ಯಾಗಿನದಕ್ಕೆ ದೊಡ್ಡಾಕಿ ಎಂದು ಹೆಸರಿಟ್ಟಿದ್ದಳು, ಐವತ್ತೆಂಟಕ್ಕೆ ಕುಂಟಿ. ಹುಟ್ಟಿದ ದಿನ ತಾಯಿ ತುಳಿದು ಅದರ ಹಿಂಗಾಲು ಸೊಟ್ಟಗಾಗಿತ್ತು. ಆ ಎರಡು ನಂಬರು ಕಾಕಾಗೂ ಗೊತ್ತಿದ್ದವು.

"ಕುಂಟಿ ಯಾಕೆ ನರಸವ್ವ? ಗಟ್ಟಿಮುಟ್ಟಾದದ್ದು ತಗೋಬಾರದಾ?" ಎಂದು ಕೇಳಿದ್ದೆ.

"ಅದರ ತಾಯಿಗಿ ಹಾಲು ಭಾಳ ಇತ್ರೀ ಮೇಡಂ. ಇದಕ್ಕೂ ಹಂಗ ಬರ್ತೈತಿ ನೋಡ್ರಿ. ಎರಡು ಬಿಳೀ ಹೆಣ್ಣು ಸಿಕ್ರ ಸಾಕು, ನಮ್ದೂ ಒಂದು ಹಿಂಡಾಗ್ತೈತಿ. ಅಂವ ಮೋರ್‍ಯಾಗ ಇಳಿಯೂದು ಬಿಡ್ತಾನ. ಒಂದಿನ ಇಳದಾಂವ ಮ್ಯಾಲ ಬರಲಿಲ್ಲಂದ್ರ ನಾ ಏನ್ ಮಾಡ್ಲಿ?"

ಪ್ರತಿ ಸಲ ನಾನು ಹೋದಾಗ ಇನ್ನೆಷ್ಟು ತಿಂಗಳು ಎಂದು ಬೆರಳು ಮಡಿಚಿ ತೋರಿಸುತ್ತಿದ್ದಳು. ದೀಪಾವಳಿಗೆ ಕಾಕಾ ಅವಳಿಗೆ ಸುಲ್ತಾನ್ ಬಜಾರಿನಿಂದ ಸೀರೆ ತರುತ್ತಿದ್ದರು, ಒಳ್ಳೆಯ ಸೀರೆಯೇ. ಅದನ್ನು ಡ್ರೈವರ್ ಕಾರಿನ ಬಾನೆಟ್ ಮೇಲೆ ಇಡಬೇಕು, ಆತ ಹಿಂದೆ ಸರಿದ ಮೇಲೆ ಅವಳು ಬಂದು ತೆಗೆದುಕೊಳ್ಳಬೇಕು. ಅವಳು ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಕಾರಿಗೆ ಕೈ ಮುಗಿಯುತ್ತಿದ್ದಳು.

ಕಾಕಾ ಅವಳ ಜೊತೆ ದಿನಾ ಮಾತಾಡುತ್ತಿದ್ದದ್ದು ಕ್ಯಾಮೆರಾದ ಮೂಲಕ. ಕಂಬದ ಮೇಲಿನ ಕ್ಯಾಮೆರಾದಲ್ಲಿ ಸ್ಪೀಕರ್ ಇತ್ತು. ಫೋನಿನಲ್ಲಿ ಒಂದು ಗುಂಡಿ ಒತ್ತಿ ಹಿಡಿದು ಮಾತಾಡಿದರೆ ಶೆಡ್ಡಿನಲ್ಲಿ ಕೇಳುತ್ತದೆ, ಬೆರಳು ತೆಗೆದರೆ ಅಲ್ಲಿಯ ಮಾತು ಇಲ್ಲಿ ಕೇಳುತ್ತದೆ. ಮಡಿಯಲ್ಲಿದ್ದ ಅವರು ಹೊರಗಿನ ಫೋನು ಮುಟ್ಟುವಂತಿಲ್ಲವಲ್ಲ, ಗುಂಡಿ ಒತ್ತುವ ಕೆಲಸ ನನ್ನದು. ಅವರು ಗದ್ದ ಎತ್ತಿದರೆ ಒತ್ತಬೇಕು, ಇಳಿಸಿದರೆ ಬಿಡಬೇಕು. "ನರಸವ್ವಾ, ಕಾಲು ತೊಳಕೊಂಡು ಒಳಗ ಬಂದಿಯೇನು? ಮೂರನೇ ಖಾನೇದಾಗ ನೀರು ನೋಡು." ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು, ಕಂಬದ ಮೇಲೆ ಮನುಷ್ಯನೇ ಕುಳಿತಿದ್ದಾನೆ ಎಂಬಂತೆ ಕತ್ತೆತ್ತಿ, "ಹೂನ್ರಿ ದೊರೀ" ಎನ್ನುತ್ತಿದ್ದಳು.

ಯುಗಾದಿ ಕಳೆದ ಮೇಲಿನ ಒಂದು ಬೆಳಿಗ್ಗೆ ಆ್ಯಪ್ ತೆರೆದರೆ ಏಳು ಕೆಂಪು. ಮೇವು ಅರ್ಧಕ್ಕೆ ಇಳಿದಿದೆ, ಮೈ ಕಾವು ಏರಿದೆ. ಅಡಿಯಲ್ಲಿ ಎಚ್ಚರಿಕೆ: ಆಫ್ರಿಕನ್ ಹಂದಿಜ್ವರದ ಶಂಕೆ, ಯಾವ ಪ್ರಾಣಿಯನ್ನೂ ಹೊರಗೆ ಸಾಗಿಸಬೇಡಿ, ಪಶುವೈದ್ಯರಿಗೆ ತಿಳಿಸಿ. ಆ ಜ್ವರ ಮನುಷ್ಯರಿಗೆ ತಗಲುವುದಿಲ್ಲ. ಹಂದಿಗೆ ತಗಲಿದರೆ ಮದ್ದಿಲ್ಲ, ಒಂದಕ್ಕೆ ಬಂದರೆ ಸುತ್ತಲಿನ ಹಿಂಡನ್ನೇ ಬಳಿದುಕೊಂಡು ಹೋಗುತ್ತದೆ.

"ಕಾಕಾ, ಈಗಲೇ ಇಲಾಖೆಯವರಿಗೆ ಫೋನ್ ಮಾಡ್ಬೇಕು. ಒಂದು ಮರಿಯೂ ಗೇಟಿನಿಂದ ಆಚೆ ಹೋಗ್ಬಾರದು."

ಅವರು ಗಂಧ ತೇಯುತ್ತಿದ್ದರು. ಕೈ ನಿಲ್ಲಿಸದೆ, "ಯಾವ ಯಾವ ಯೂನಿಟ್? ಓದು" ಎಂದರು. ಓದಿದೆ. ಏಳರಲ್ಲಿ ಮೂವತ್ತೊಂದು ಇತ್ತು, ಐವತ್ತೆಂಟು ಇತ್ತು, ನರಸವ್ವನ ಎರಡೂ. "ಇನ್ನೊಮ್ಮೆ ಓದು." ಇನ್ನೊಮ್ಮೆ ಓದಿದೆ.

"ಬರೇ ಕಣ್ಣಿಗೆ ಕಾಣ್ತದೇನು?"

"ಇಲ್ಲ ಕಾಕಾ. ಕಣ್ಣಿಗೆ ಕಾಣ್ಲಿಕ್ಕೆ ಇನ್ನೂ ಎರಡು ದಿನ ಬೇಕು. ಅದಕ್ಕೇ ಅಲ್ವಾ ಈ ಮೆಷಿನು."

"ಹಂಗಾದ್ರ ಇವತ್ತ ನೋಡಿದವರಿಗೆ ಎಲ್ಲಾ ಚಲೋನ ಕಾಣ್ತಾವ" ಎಂದರು, ಗಂಧದ ಬಟ್ಟಲನ್ನು ಪಕ್ಕಕ್ಕಿಟ್ಟು.

ನನಗೆ ಮೊದಲು ಅರ್ಥವಾಗಲಿಲ್ಲ. ಅವರು ಅವಸರ ಮಾಡಲಿಲ್ಲ. ಆರತಿ ಎತ್ತಿದರು, ನನ್ನ ಅಂಗೈಗೆ ಮೇಲಿನಿಂದ ಪ್ರಸಾದ ಹಾಕಿದರು, ಆಮೇಲೆ ಒಳಗಿನ ಫೋನು ತೆಗೆದುಕೊಂಡು ವ್ಯಾಪಾರಿಗೆ ಫೋನ್ ಮಾಡಿದರು. ಪ್ರವಚನದ ಆ ಫೋನಿನಲ್ಲಿ ಯೂನಿಟ್‌ಗಳ ಮಾತು ನಡೆದದ್ದು ಅದೇ ಮೊದಲು. ಮಧ್ಯಾಹ್ನದೊಳಗೆ ಲಾರಿ ಬೇಕು ಎಂದರು. ಮಗನ ಮನೆಗೆ ಹೋಗಬೇಕಾಗಿದೆ, ಎಲ್ಲ ಖಾಲಿ ಮಾಡುತ್ತಿದ್ದೇನೆ ಎಂದರು.

"ಕಾಕಾ, ಇದು ತಪ್ಪು. ಹೋದ ಕಡೆಯೆಲ್ಲ ಹರಡ್ತದೆ" ಎಂದೆ. ನನ್ನ ದನಿ ನನಗೇ ಕೇಳದಷ್ಟು ಸಣ್ಣದಾಗಿತ್ತು.

"ನಾ ಯಾರಿಗೂ ಸುಳ್ಳು ಹೇಳ್ಲಿಕ್ಕತ್ತಿಲ್ಲ ತಂಗಿ. ವ್ಯಾಪಾರಿ ಬರ್ತಾನ, ತನ್ನ ಕಣ್ಣಿಲೆ ನೋಡ್ತಾನ, ಒಯ್ತಾನ. ಮಷೀನು ಹೇಳಿದ್ದು ನನಗ. ಅವಗ ಹೇಳಿಲ್ಲಲಾ?"

ಜಗಲಿಗೆ ಬಂದು ನಮ್ಮ ಆಫೀಸಿನ ಯಜಮಾನರಿಗೆ ಫೋನ್ ಮಾಡಿದೆ. ಗಿರಾಕಿಯ ಮಾಹಿತಿ ಗಿರಾಕಿಯದು, ನೀನು ತಲೆ ಹಾಕಬೇಡ ಎಂದರು. ಅಲ್ಲಿಗೆ ನನ್ನ ಧೈರ್ಯ ಮುಗಿಯಿತು. ನಮ್ಮ ಯಂತ್ರ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹಂದಿಗಳನ್ನು ಉಳಿಸಲೆಂದು ಮಾಡಿದ ಎರಡು ದಿನದ ಮುನ್ಸೂಚನೆ ಇದಕ್ಕೆ ಬಳಕೆಯಾಗಬಹುದೆಂದು ನಾವು ಯಾರೂ ಯೋಚಿಸಿರಲಿಲ್ಲ, ಅಷ್ಟು ಬುದ್ಧಿವಂತರು ನಾವು.

ಆ ದಿನ ಕಾಕಾ ಪೂಜೆಯ ಮಡಿ ಬಿಡಲಿಲ್ಲ, ನನ್ನನ್ನೂ ಆಫೀಸಿಗೆ ಬಿಡಲಿಲ್ಲ. ಲಾರಿಗಳು ಬಂದವು. ಟ್ಯಾಗ್‌ಗಳನ್ನು ಕತ್ತರಿಸಿ ಬಕೆಟ್ಟಿನಲ್ಲಿ ಹಾಕಿಡಿ ಎಂದು ಸ್ಪೀಕರಿನಲ್ಲಿ ಹೇಳಿಸಿದರು. ಹಂದಿಗಳು ಕಿರುಚುತ್ತಿದ್ದ ಸದ್ದು ಫೋನಿನಿಂದ ಬಂದು ದೇವರ ಕೋಣೆಯವರೆಗೂ ಹೋಗುತ್ತಿತ್ತು. ಸದ್ದು ಕಡಿಮೆ ಮಾಡು ಎಂದು ಕಾಕು ಅಡುಗೆಮನೆಯಿಂದ ಕೈಸನ್ನೆ ಮಾಡಿದರು. ಅಷ್ಟರಲ್ಲಿ ನರಸವ್ವ ಕಂಬದ ಕೆಳಗೆ ಓಡಿ ಬಂದಳು.

"ದೊರೀ, ಎಲ್ಲಾ ತುಂಬಾಕತ್ತಾರ್ರೀ. ನನ್ನ ಎರಡು? ಮಾತು ಕೊಟ್ಟೀರಿ ದೊರೀ."

ಗದ್ದ ಮೇಲಾಯಿತು. ಒತ್ತಿದೆ.

"ನಿನ್ನ ಎರಡು ನಿನ್ನವ ನರಸವ್ವಾ. ಮೂರು ವರ್ಷಕ್ಕ ಇನ್ನೂ ಎರಡು ತಿಂಗಳು ಕಮ್ಮಿ ಅದ, ಇರ್ಲಿ. ಇವತ್ತ ಹೊಡಕೊಂಡು ಹೋಗು. ನಾ ಮಾತು ತಪ್ಪಾಂವಲ್ಲ."

ಕಾಕು ಬಾಗಿಲಲ್ಲಿ ನಿಂತು ಹೌದೆಂದು ತಲೆಯಾಡಿಸಿದರು. ನರಸವ್ವ ಆ ಗಂಜಲದ ನೆಲದ ಮೇಲೆ ಉದ್ದಕ್ಕೆ ಬಿದ್ದು ಕಂಬಕ್ಕೆ ನಮಸ್ಕಾರ ಮಾಡಿದಳು. ಎದ್ದವಳು ಏನೋ ನೆನಪಾಗಿ ಮತ್ತೆ ಕತ್ತೆತ್ತಿದಳು. "ಮೇಡಂ ಅದಾರೇನ್ರಿ ಅಲ್ಲಿ? ಕುಂಟಿ ಮುಂಜಾನಿಂದ ತೊಟ್ಟಿ ಕಡೀ ಬಂದಿಲ್ರೀ. ನಿಮ್ಮ ಫೋನ್‌ನ್ಯಾಗ ಏನ್ ತೋರಸ್ತೈತಿ?"

ಕಾಕಾ ನನ್ನನ್ನು ನೋಡಿದರು. ಆ ನೋಟದಲ್ಲಿ ಬೆದರಿಕೆ ಇರಲಿಲ್ಲ. ಮೂರು ಮಹಡಿ ಹತ್ತಿ ಬಂದು ಉಂಡಿಯೇನು ಎಂದು ಕೇಳುತ್ತಿದ್ದ ಮುಖವೇ ಅದು.

"ಬಿಸಿಲಿಗೆ ಇರ್ಬೇಕು ನರಸವ್ವ. ಮೈಗೆ ನೀರು ಹೊಯ್ದು ನೋಡು" ಎಂದೆ.

ಸಾರಿನ ಋಣ, ಕೋಣೆಯ ಹಂಗು, ಕೆಲಸದ ಭಯ, ಹಿರಿಯರ ಎದುರು ಮಾತಾಡದ ಅಭ್ಯಾಸ ಎಂದು ಆಮೇಲೆ ನನಗೆ ನಾನೇ ಬೇಕಾದಷ್ಟು ಹೇಳಿಕೊಂಡಿದ್ದೇನೆ. ಹೆದರಿದೆ, ಅಷ್ಟೇ. ಆ ಸಂಜೆ ಆ್ಯಪ್ ನೋಡಿದರೆ ನೂರ ಹನ್ನೆರಡು ಹಂದಿಗಳೂ ಒಂದೇ ತೊಟ್ಟಿಯ ಮುಂದೆ ನಿಂತಿವೆ ಎಂದು ತೋರಿಸುತ್ತಿತ್ತು. ಬಕೆಟ್ಟನ್ನು ಅಲ್ಲಿಟ್ಟಿದ್ದರು.

ಕುಂಟಿ ನಾಲ್ಕನೇ ದಿನ ಸತ್ತಿತು, ದೊಡ್ಡಾಕಿ ಐದನೇ ದಿನ. ಆಮೇಲೆ ಗುಡಿಸಲುಗಳ ಹಂದಿಗಳು ಒಂದೊಂದಾಗಿ ಮಲಗಿದವು. ಕಿವಿ ನೀಲಿಗಟ್ಟಿ, ಮೂಗಿನಲ್ಲಿ ರಕ್ತ. ನಾನು ಉಪಕರಣ ಬಿಚ್ಚಲು ಫಾರಂಗೆ ಹೋದ ದಿನ ಅಧಿಕಾರಿಗಳು ಬಂದು ಜೆಸಿಬಿಯಿಂದ ಗುಂಡಿ ತೋಡಿಸುತ್ತಿದ್ದರು. ಸತ್ತವುಗಳ ಜೊತೆ ಉಳಿದವುಗಳನ್ನೂ ಕೊಂದು ಹಾಕಿ ಸುಣ್ಣ ಸುರಿದರು. ಹಂದಿಯ ವಾಸನೆಗೆ ಎಂದೂ ಮೂಗು ಮುಚ್ಚದ ನಾನು ರಸ್ತೆ ಬದಿಯಲ್ಲಿ ಕುಳಿತು ವಾಂತಿ ಮಾಡಿಕೊಂಡೆ. ಹೆಣ್ಣು ಹಂದಿಗಳು ಮನೆಗೆ ಬಂದ ಮರುದಿನವೇ ಮೋರಿ ಕೆಲಸಕ್ಕೆ ಇನ್ನು ಬರುವುದಿಲ್ಲ ಎಂದು ಹೇಳಿ ಬಂದಿದ್ದ ನರಸವ್ವನ ಗಂಡ, ಸುಣ್ಣ ಸುರಿದ ಮರುದಿನ ಮತ್ತೆ ಕೆಲಸ ಕೇಳಿಕೊಂಡು ಹೋದ. ಅಧಿಕಾರಿಗಳು ಕಾಕಾನ ಫಾರಂಗೂ ಬಂದರು. ಅಲ್ಲಿ ಒಂದು ಹಂದಿಯೂ ಇರಲಿಲ್ಲ, ನೆಲ ತೊಳೆದಾಗಿತ್ತು.

ಕಾಕಾ ಸುದ್ದಿ ಕೇಳಿ "ಛೇ, ಪಾಪ" ಎಂದರು. ನಟನೆಯಲ್ಲ, ನಿಜವಾಗಿಯೇ ಮರುಗಿದರು. ಡ್ರೈವರ್ ಕೈಯಲ್ಲಿ ಗುಡಿಸಲುಗಳಿಗೆ ಒಂದು ಚೀಲ ಅಕ್ಕಿ ಕಳಿಸಿದರು. ದೊಡ್ಡ ಗಂಡಾಂತರ ತಪ್ಪಿತೆಂದು ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡರು. ನನ್ನನ್ನೂ ಕರೆದರು. ಹೋದೆ, ಪ್ರಸಾದದ ಸಪಾದ ಭಕ್ಷ್ಯ ತಿಂದು ಬಂದೆ. ಅವರ ಬಗ್ಗೆ ಹೇಸಿಗೆ ಎನಿಸಿದಾಗಲೆಲ್ಲ ಆ ಸಿಹಿ ನನ್ನ ಗಂಟಲಿಗೂ ಬರುತ್ತದೆ.

ಕಂಬದ ಕ್ಯಾಮೆರಾ ಒಂದು ಇನ್ನೂ ಬಿಚ್ಚುವುದಿತ್ತು. ಒಂದು ವಾರದ ಮೇಲೆ ಬೆಳಿಗ್ಗೆ ಅದರ ವಿಷಯ ಕೇಳಲು ಅವರ ಮನೆಗೆ ಹೋದಾಗ ಹೊರಗಿನ ಫೋನು ಮಣೆಯ ಮೇಲೆ ಮಿಣುಗುಟ್ಟುತ್ತಿತ್ತು. ಶೆಡ್ಡಿಗೆ ಯಾರೋ ಬಂದಿದ್ದಾರೆ ಎಂದು. ತೆರೆದೆ. ಖಾಲಿ ಶೆಡ್ಡು, ಕಂಬದ ಕೆಳಗೆ ನರಸವ್ವ. ಕೈ ಮುಗಿದು ಕತ್ತೆತ್ತಿ ಮಾತಾಡುತ್ತಿದ್ದಳು. ಯಾರಾದರೂ ಕೇಳುತ್ತಿದ್ದಾರೋ ಇಲ್ಲವೋ ಎಂದು ಅವಳಿಗೆ ಗೊತ್ತಿರಲಿಲ್ಲ, ಮೊದಲಿನಿಂದ ಮತ್ತೆ ಮತ್ತೆ ಹೇಳುತ್ತಿದ್ದಳು. ಪಡಸಾಲೆಯ ಬಾಗಿಲಿಗೆ ಬಂದು ಕಾಕಾಗೆ ತೋರಿಸಿದೆ.

"ದೊರೀ, ತಪ್ಪಾತ್ರೀ. ದವಾಖಾನಿ ಸಾಹೇಬ್ರು ಹೇಳಿದ್ರು, ಜಡ್ಡು ಕಾಲಿಗೆ ಹತ್ತಿ ಬರ್ತೈತಂತ. ನೀವು ದಿನಾ ಹೇಳ್ತಿದ್ರಿ, ಕಾಲು ತೊಳಕೊಂಡು ಬಾ ಅಂತ. ಎರಡ್ಮೂರು ಸಲ ನಾ ತೊಳಕೊಳ್ಳದ ಒಳಗ ಬಂದೀನ್ರೀ. ನಮ್ಮ ಕೇರಿ ಜಡ್ಡು ನಾನ ಕುಂಟಿಗಿ ಹಚ್ಚಿದೆ. ನೀವು ಮೊದಲ ಮಾರಿದ್ದು ಚಲೋ ಆತ್ರೀ, ಇಲ್ಲಾಂದ್ರ ನನ್ನ ಕಾಲಾಗ ನಿಮ್ಮ ಮನೀನೂ ಮುಳಗ್ತಿತ್ತು. ನಿಮ್ಮ ಅನ್ನ ಉಂಡು ಹಿಂಗ ಮಾಡಿದೆ. ಮನಸಿನ್ಯಾಗ ಇಟ್ಕೋಬ್ಯಾಡ್ರಿ ದೊರೀ."

ಕಾಕಾನ ಕಣ್ಣು ತುಂಬಿ ಬಂದಿತ್ತು. ಹಣೆಯ ಮೇಲೆ ಗಂಧ ಇನ್ನೂ ಹಸಿಯಾಗಿತ್ತು. ಗದ್ದ ಎತ್ತಿದರು. ನಾನು ಒತ್ತಿದೆ.

"ಹೋಗ್ಲಿ ಬಿಡವ್ವಾ. ಗೊತ್ತಿಲ್ಲದ ಆದ ತಪ್ಪು. ನಾ ಏನೂ ಮನಸಿನ್ಯಾಗ ಇಟ್ಕೊಂಡಿಲ್ಲ. ಇನ್ನ ಮ್ಯಾಲಾದ್ರೂ ಕಾಲು ತೊಳಕೋ."

ಗದ್ದ ಇಳಿಯಿತು. ಅವರು ದೇವರ ಕಡೆ ತಿರುಗಿ ಗಂಟೆ ಎತ್ತಿಕೊಂಡರು. ಪರದೆಯಲ್ಲಿ ನರಸವ್ವ ಕೈ ಮುಗಿದುಕೊಂಡೇ ನಿಂತಿದ್ದಳು. ಮಾತು ಮುಗಿಯಿತೋ, ಇನ್ನೂ ಇದೆಯೋ, ಹೋಗಬಹುದೋ ಎಂದು ತಿಳಿಯದೆ ಕಂಬವನ್ನು ನೋಡುತ್ತಿದ್ದಳು. ಆ ಏಳು ನಂಬರುಗಳು ನನಗೆ ಬಾಯಿಪಾಠವಿದ್ದವು. ಗಂಟೆ ಜೋರಾಗಿ ಮೊಳಗುತ್ತಿತ್ತು, ನಾನು ಏನು ಹೇಳಿದರೂ ಒಳಗೆ ಕೇಳುತ್ತಿರಲಿಲ್ಲ. ಗುಂಡಿ ಒತ್ತಿದೆ.

"ಆಯ್ತಂತೆ ನರಸವ್ವ" ಎಂದೆ, "ಹೋಗು."